‘ಓ’ ಅಲ್ಲ, ಸೊನ್ನೆ: ಪರ್ಮಿಟ್ ಇದ್ದೂ ದಂಡ ಬಿದ್ದ ಒಂದು ಕೇಸು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆ ನನ್ನದೊಂದು ಅಕ್ಷಯ ಕೇಂದ್ರ, ಅಂದರೆ ಜನರ ಸರಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವ ಜಾಗ. ಬೆಳಗ್ಗೆ ಶಟರ್ ಎತ್ತಿದರೆ ಸಂಜೆವರೆಗೆ ಹೆಸರು ತಿದ್ದುವುದೇ ಕೆಲಸ. ಐತ್ತಪ್ಪ ಎಂಬ ಹೆಸರಿಗೆ ಆಧಾರ್ ಕಾರ್ಡಿನಲ್ಲಿ ಒಂದು ಸ್ಪೆಲ್ಲಿಂಗ್, ರೇಷನ್ ಕಾರ್ಡಿನಲ್ಲಿ ಇನ್ನೊಂದು, ಜಾಗದ ದಾಖಲೆಯಲ್ಲಿ ಮತ್ತೊಂದು. ಕನ್ನಡದ ಹೆಸರು ಮಲಯಾಳಕ್ಕೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಬರುವಷ್ಟರಲ್ಲಿ ಅಪ್ಪನಿಗೂ ಮಗನಿಗೂ ಸಂಬಂಧವೇ ಇಲ್ಲ ಎನ್ನುವ ಹಾಗೆ ಆಗಿರುತ್ತದೆ. ಆಗ ವಿಲೇಜ್ ಆಫೀಸಿಗೆ ಅರ್ಜಿ ಹಾಕಿ ‘ವನ್ ಆಂಡ್ ದ ಸೇಮ್’ ಸರ್ಟಿಫಿಕೇಟ್ ತೆಗೆಸಬೇಕು. ಈ ಎರಡು ಹೆಸರಿನವರು ಒಬ್ಬರೇ ಎಂದು ಸರಕಾರವೇ ಬರೆದುಕೊಡುವ ಕಾಗದ ಅದು. ಇಲ್ಲಿಯ ಕನ್ನಡದವರಲ್ಲಿ ಇದನ್ನು ಒಮ್ಮೆಯೂ ಮಾಡಿಸದ ಮನೆ ಕಡಿಮೆ.

ಇದನ್ನೆಲ್ಲ ಮೊದಲೇ ಹೇಳಲು ಕಾರಣ ಉಂಟು. ಈ ಬರಹ ಇಂಗ್ಲೆಂಡಿನ ಒಂದು ಪಾರ್ಕಿಂಗ್ ದಂಡದ್ದು. ಆದರೆ ಅದರ ಗಂಟು ಬಿಚ್ಚಿದ್ದು ಇಲ್ಲಿಯ ಈ ರಗಳೆಯ ಅಭ್ಯಾಸ.

ಅಕ್ಕನ ಮಗಳು ನರ್ಸ್. ಇಂಗ್ಲೆಂಡಿನ ಉತ್ತರದ ಒಂದು ಊರಿನಲ್ಲಿ ಕೆಲಸ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಊರಿನ ಹೆಸರು, ಕೌನ್ಸಿಲಿನ (ನಮ್ಮ ನಗರಸಭೆಯಂಥದ್ದು) ಹೆಸರು, ಗಾಡಿಯ ನಂಬರ್ ಹೇಳುವುದಿಲ್ಲ.

2024ರ ಫೆಬ್ರವರಿ 20, ಮಂಗಳವಾರ. ನೈಟ್ ಡ್ಯೂಟಿ ಮುಗಿಸಿ ಬೆಳಗ್ಗೆ ಎಂಟೂವರೆಗೆ ಬಂದು, ಮನೆ ಎದುರಿನ ಬೀದಿಯಲ್ಲಿ ಕಾರು ನಿಲ್ಲಿಸಿ ಮಲಗಿದ್ದಾಳೆ. ಸಂಜೆ ಎದ್ದು ನೋಡಿದರೆ ಎದುರಿನ ಗಾಜಿನ ಮೇಲೆ ಹಳದಿ ಪ್ಲಾಸ್ಟಿಕ್ ಕವರ್ ಅಂಟಿದೆ. ಒಳಗೆ ದಂಡದ ಚೀಟಿ, ಬೆಳಗ್ಗೆ 10.17ಕ್ಕೆ ಹಾಕಿದ್ದು. ಕೋಡ್ 12. ಅಂದರೆ ನಿವಾಸಿಗಳಿಗೆ ಮೀಸಲಾದ ಜಾಗದಲ್ಲಿ ಸರಿಯಾದ ಪರ್ಮಿಟ್ ಇಲ್ಲದೆ ನಿಲ್ಲಿಸಿದ್ದು. ದಂಡ 70 ಪೌಂಡ್, 14 ದಿನದೊಳಗೆ ಕಟ್ಟಿದರೆ ಅರ್ಧ, 35. ನಮ್ಮ ಲೆಕ್ಕದಲ್ಲಿ ಪೂರ್ತಿ ದಂಡ ಏಳು ಸಾವಿರ ರೂಪಾಯಿ ದಾಟುತ್ತದೆ.

ಅವಳ ಹತ್ತಿರ ಪರ್ಮಿಟ್ ಇತ್ತು. ಹಣ ಕಟ್ಟಿದ್ದಳು. ಅವಧಿ ಮುಗಿಯಲು ಇನ್ನೂ ಹತ್ತು ತಿಂಗಳಿತ್ತು.

ನಮ್ಮ ಕಡೆಯವರಿಗೆ ಈ ಪರ್ಮಿಟ್ ಅಂದರೆ ಏನೆಂದು ಒಂದು ಮಾತು ಹೇಳಬೇಕು. ಅಲ್ಲಿ ಹಳೆಯ ಪೇಟೆಗಳಲ್ಲಿ ಒಂದಕ್ಕೊಂದು ಅಂಟಿದ ಸಾಲು ಮನೆಗಳು. ಅಂಗಳ ಇಲ್ಲ, ಶೆಡ್ ಇಲ್ಲ. ಬೀದಿಯೇ ಗಾಡಿ ನಿಲ್ಲಿಸುವ ಜಾಗ. ಹೊರಗಿನವರೆಲ್ಲ ತಂದು ನಿಲ್ಲಿಸಿದರೆ ಅಲ್ಲಿಯೇ ಇರುವವರಿಗೆ ಜಾಗ ಸಿಗುವುದಿಲ್ಲ. ಹಾಗಾಗಿ ಕೌನ್ಸಿಲು ಬೀದಿಗೆ ಬೋರ್ಡ್ ಹಾಕಿ, ಇಂಥ ದಿನ ಇಂಥ ಹೊತ್ತಿನಲ್ಲಿ ಪರ್ಮಿಟ್ ಇದ್ದವರು ಮಾತ್ರ ಎನ್ನುತ್ತದೆ. ವರ್ಷಕ್ಕೆ ಇಷ್ಟು ಎಂದು ಹಣ ಕಟ್ಟಿ ತೆಗೆದುಕೊಳ್ಳಬೇಕು. ಹಾಗೆಂದು ಮನೆ ಎದುರಿನ ಜಾಗ ನಿಮ್ಮದೇ ಆಗುವುದಿಲ್ಲ. ಆ ವಲಯದಲ್ಲಿ ಎಲ್ಲಿ ಖಾಲಿ ಇದೆಯೋ ಅಲ್ಲಿ ನಿಲ್ಲಿಸಬಹುದು, ಅಷ್ಟೇ.

ಸುದ್ದಿ ಕೇಳಿ ಅಕ್ಕ ಗಾಬರಿಯಾದಳು. "ಪೊಲೀಸ್ ಕೇಸಾ? ವೀಸಾಕ್ಕೆ ತೊಂದರೆ ಉಂಟಾ?" ಎಂದು ನನಗೇ ಫೋನ್. ಇಲ್ಲಿ 2023ರ ಜೂನ್ 5ರಿಂದ ಕೇರಳದಲ್ಲಿ ಕ್ಯಾಮೆರಾ ದಂಡ ಶುರುವಾದ ಮೇಲೆ ಚಲನ್ ಅಂದರೆ ಎಲ್ಲರಿಗೂ ಒಂದು ನಡುಕ. ಒಟ್ಟು 726 ಕ್ಯಾಮೆರಾ, ಅದರಲ್ಲಿ 25 ಪಾರ್ಕಿಂಗಿಗೆಂದೇ. ಮೊಬೈಲಿಗೆ ಮೆಸೇಜ್ ಬಂದರೆ ಸಾಕು, ಕೋರ್ಟಿಗೆ ಹೋಗಬೇಕಾ ಎಂದು ನನ್ನ ಕೌಂಟರಿಗೆ ಬರುತ್ತಾರೆ. ಇಂಗ್ಲೆಂಡಿನದ್ದು ಬೇರೆ. ಅಲ್ಲಿ ಕೌನ್ಸಿಲು ಹಾಕುವ ಪಾರ್ಕಿಂಗ್ ದಂಡ ಸಿವಿಲ್ ಲೆಕ್ಕ. 2004ರ ಟ್ರಾಫಿಕ್ ಮ್ಯಾನೇಜ್‌ಮೆಂಟ್ ಕಾಯ್ದೆಯ ಆರನೇ ಭಾಗದ ಕೆಳಗೆ ಬರುತ್ತದೆ. ಅಪರಾಧ ಎಂದು ದಾಖಲಾಗುವುದಿಲ್ಲ, ಲೈಸೆನ್ಸಿಗೆ ಪಾಯಿಂಟ್ ಬೀಳುವುದಿಲ್ಲ. ಕಟ್ಟದೆ ಬಿಟ್ಟರೆ ಮಾತ್ರ ಸಾಲದ ಹಾಗೆ ಬೆಳೆದು ಕೊನೆಗೆ ವಸೂಲಿಯವರು ಬಾಗಿಲಿಗೆ ಬರುತ್ತಾರೆ.

ಇನ್ನೊಂದು ವಿಷಯವನ್ನು ಮೊದಲೇ ನೋಡಬೇಕಿತ್ತು. ಅಲ್ಲಿ ‘ಪಿಸಿಎನ್’ ಎಂಬ ಹೆಸರಿನಲ್ಲಿ ಎರಡು ಜಾತಿಯ ಚೀಟಿ ಬರುತ್ತದೆ. ಕೌನ್ಸಿಲಿನದ್ದು ‘ಪೆನಾಲ್ಟಿ ಚಾರ್ಜ್ ನೋಟಿಸ್’. ಸೂಪರ್ ಮಾರ್ಕೆಟಿನ ಅಂಗಳದಂಥ ಖಾಸಗಿ ಜಾಗದಲ್ಲಿ ಕಂಪೆನಿಯವರು ಹಾಕುವುದು ‘ಪಾರ್ಕಿಂಗ್ ಚಾರ್ಜ್ ನೋಟಿಸ್’. ಎರಡರ ದಾರಿಯೂ ಬೇರೆ ಬೇರೆ. ಇವಳದ್ದು ಮೊದಲನೆಯದ್ದು. ಮುಂದೆ ಹೇಳುವುದೆಲ್ಲ ಅದಕ್ಕೆ ಮಾತ್ರ ಸರಿ.

ಮೊದಲ ಪತ್ರ

ನನ್ನನ್ನು ಕೇಳುವ ಮೊದಲೇ ಅವಳು ಆ ರಾತ್ರಿಯೇ ಕೌನ್ಸಿಲಿನ ವೆಬ್‌ಸೈಟಿನಲ್ಲಿ ತಕರಾರು ಬರೆದು ಹಾಕಿದ್ದಳು. ಆಮೇಲೆ ಓದಿದೆ. ಒಂದೂವರೆ ಪುಟ ಇತ್ತು. ಹನ್ನೆರಡು ಗಂಟೆಯ ಡ್ಯೂಟಿ, ಸುಸ್ತು, ಎರಡು ವರ್ಷದಿಂದ ಅದೇ ಬೀದಿ, ಒಂದು ದಿನವೂ ತೆರಿಗೆ ಬಾಕಿ ಇಟ್ಟವಳಲ್ಲ, ಕಷ್ಟಪಟ್ಟು ದುಡಿಯುವವರನ್ನು ಹೀಗೆ ಕಾಡಬಹುದೇ. ಎಲ್ಲವೂ ಸತ್ಯವೇ. "ನನಗೆ ಪರ್ಮಿಟ್ ಉಂಟು" ಎಂಬ ಮಾತು ಒಂದು ಸಲ ಮಾತ್ರ ಬಂದಿತ್ತು, ಅದೂ ನಾಲ್ಕನೇ ಪ್ಯಾರಾದ ನಡುವೆ. ಜೊತೆಗೆ ಒಂದು ದಾಖಲೆಯನ್ನೂ ಇಟ್ಟಿರಲಿಲ್ಲ.

ಮಾರ್ಚ್ 8ಕ್ಕೆ ಉತ್ತರ ಬಂತು. ನಿಮ್ಮ ವಾಹನಕ್ಕೆ ಆ ಹೊತ್ತಿನಲ್ಲಿ ಪರ್ಮಿಟ್ ಇರಲಿಲ್ಲ, ಆದ್ದರಿಂದ ದಂಡ ಸರಿ. ಅರ್ಧ ದಂಡ ಕಟ್ಟಲು ಮತ್ತೆ 14 ದಿನ ಕೊಟ್ಟಿದ್ದರು.

ಅವಳಿಗೆ ಸಿಟ್ಟು ಬಂದದ್ದು ಈ ಉತ್ತರಕ್ಕೆ. ಹಣ ತೆಗೆದುಕೊಂಡವರೇ ಪರ್ಮಿಟ್ ಇಲ್ಲ ಅನ್ನುತ್ತಾರಲ್ಲ! ನನಗೆ ಮಾತ್ರ ಆ ಉತ್ತರದಲ್ಲಿ ಒಂದು ಸುಳಿವು ಕಂಡಿತು. ನಮ್ಮಲ್ಲಿ ಪೆನ್ಶನ್ ನಿಂತುಹೋದ ಅಜ್ಜಿಯಂದಿರಿಗೆ ಇದೇ ಧಾಟಿಯ ಉತ್ತರ ಬರುತ್ತದೆ. "ಅಂಥ ವ್ಯಕ್ತಿ ಇಲ್ಲ." ಅಜ್ಜಿ ಎದುರಿಗೇ ಕೂತಿರುತ್ತಾರೆ. ಕಂಪ್ಯೂಟರಿನ ಮಟ್ಟಿಗೆ ಇರುವುದಿಲ್ಲ. ಆಫೀಸಿನವರು ಸುಳ್ಳು ಹೇಳುವುದಲ್ಲ, ಹುಡುಕಿದ ಹೆಸರು ಸಿಗಲಿಲ್ಲ, ಅಷ್ಟೇ.

ಮಾರ್ಚ್ 10, ಭಾನುವಾರ. ವಾಟ್ಸಾಪಿನಲ್ಲಿ ಕರೆ.

"ಮಾವ, ಇನ್ನು ಎಂತ ಮಾಡುವುದು? 35 ಕಟ್ಟಿಬಿಡ್ಲಾ?"

"ಕಟ್ಟಿದ್ರೆ ಕತೆ ಮುಗೀತು ಮಾರಾಯ್ತಿ. ಮತ್ತೆ ಕೇಳ್ಲಿಕ್ಕಿಲ್ಲ. ಒಂದು ದಿನ ತಡಿ. ಪರ್ಮಿಟಿನ ಇಮೇಲ್ ಕಳಿಸು. ಫೋಟೋ ತೆಗೆದು ಬೇಡ, ಇಮೇಲನ್ನೇ ಕಳಿಸು."

"ಫೋಟೋ ಆದ್ರೆ ಆಗುದಿಲ್ವಾ?"

"ಆಗುದಿಲ್ಲ."

ಯಾಕೆ ಆಗುವುದಿಲ್ಲ ಎಂದರೆ ನನ್ನ ಕಣ್ಣನ್ನು ನಾನು ನಂಬುವುದಿಲ್ಲ. ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇದು ಗೊತ್ತಿರಬಹುದು. ನಮ್ಮ ಅನುಸ್ವಾರವೂ ನಮ್ಮ ಸೊನ್ನೆಯೂ ನೋಡಲು ಒಂದೇ. ‘ಶಂಕರ’ ಎಂದು ಬರೆಯಲು ಹೋಗಿ ಯಾರೋ ‘ಶ೦ಕರ’ ಎಂದು ಸೊನ್ನೆ ಒತ್ತಿರುತ್ತಾರೆ. ಪ್ರಿಂಟ್ ತೆಗೆದರೆ ಯಾರಿಗೂ ವ್ಯತ್ಯಾಸ ಕಾಣುವುದಿಲ್ಲ. ಕಂಪ್ಯೂಟರಿನಲ್ಲಿ ಹುಡುಕಿದರೆ ಶಂಕರ ಸಿಗುವುದಿಲ್ಲ. ಒಂದು ಸಲ ಸಂಘದ ಸದಸ್ಯರ ಪಟ್ಟಿಯಲ್ಲಿ ಹೀಗೇ ಇದ್ದವರನ್ನೇ ಇಲ್ಲ ಎಂದು ತಿಳಿದು ಎರಡು ದಿನ ಹಾಳುಮಾಡಿಕೊಂಡಿದ್ದೆ. ಆಮೇಲೆ ಒಂದು ಅಭ್ಯಾಸವಾಯಿತು. ಎರಡು ಕಡೆಯ ಬರಹ ಒಂದೇ ಹೌದೋ ಎಂದು ಓದಿ ನೋಡುವುದಿಲ್ಲ. ಒಂದನ್ನು ಕಾಪಿ ಮಾಡಿ ಇನ್ನೊಂದರಲ್ಲಿ ಹುಡುಕುತ್ತೇನೆ.

ಅದನ್ನೇ ಮಾಡಿದೆ. ದಂಡದ ಆನ್‌ಲೈನ್ ಪುಟದಿಂದ ಗಾಡಿ ನಂಬರನ್ನು ಕಾಪಿ ಮಾಡಿದೆ. ಜನವರಿಯ ಪರ್ಮಿಟ್ ಇಮೇಲಿನಲ್ಲಿ ಹುಡುಕಿದೆ. ಇಲ್ಲ ಎಂದು ಬಂತು. ಕಣ್ಣಿಗೆ ಎರಡೂ ಒಂದೇ ನಂಬರ್!

ಅಲ್ಲಿಯ ಈಗಿನ ನಂಬರಿನ ಕ್ರಮ 2001ರ ಸೆಪ್ಟೆಂಬರಿನಿಂದ ಬಂದದ್ದು. ಮೊದಲು ಎರಡು ಅಕ್ಷರ, ಆಮೇಲೆ ಎರಡು ಅಂಕೆ, ಕೊನೆಗೆ ಮೂರು ಅಕ್ಷರ. ಇವಳ ಗಾಡಿಯ ಎರಡನೇ ಅಕ್ಷರ ಇಂಗ್ಲಿಷಿನ ‘ಓ’. ನಾಲ್ಕನೆಯದು ಸೊನ್ನೆ. ಗಾಡಿಯ ಪ್ಲೇಟಿನಲ್ಲಿ ‘ಓ’ಗೂ ಸೊನ್ನೆಗೂ ಒಂದೇ ಆಕಾರ, ಕಾನೂನಿನ ಅಚ್ಚೇ ಹಾಗೆ. ಪರ್ಮಿಟಿನಲ್ಲಿ ಎರಡೂ ಕಡೆ ಸೊನ್ನೆ ಬಿದ್ದಿತ್ತು.

ಹಳೆಯ ಕಾಗದದ ಪರ್ಮಿಟ್

ತಪ್ಪು ಯಾರದ್ದು? ಇಲ್ಲಿ ಸ್ವಲ್ಪ ನಿಧಾನ ಮಾಡಬೇಕು, ಯಾಕೆಂದರೆ ಇಡೀ ಕೇಸು ನಿಂತದ್ದು ಇದರ ಮೇಲೆ.

2023ರ ಜನವರಿಯಲ್ಲಿ ಮೊದಲ ಪರ್ಮಿಟ್ ತೆಗೆದಾಗ ಅವಳು ಕಾಗದದ ಫಾರ್ಮನ್ನು ಕೈಯಲ್ಲಿ ತುಂಬಿ ಕೌಂಟರಿನಲ್ಲಿ ಕೊಟ್ಟಿದ್ದಳು. ಜೊತೆಗೆ ಗಾಡಿಯ ಲಾಗ್ ಬುಕ್ಕಿನ ಪ್ರತಿ. ಅದನ್ನು ಅಲ್ಲಿ ವಿ5ಸಿ ಎನ್ನುತ್ತಾರೆ, ನಮ್ಮ ಆರ್‌ಸಿ ಇದ್ದ ಹಾಗೆ. ಕೈಬರಹದಲ್ಲಿ ‘ಓ’ ಯಾವುದು ಸೊನ್ನೆ ಯಾವುದು ಎಂದು ಯಾರಿಗೆ ಗೊತ್ತಾಗುತ್ತದೆ? ಟೈಪ್ ಮಾಡಿದವರು ಸೊನ್ನೆ ಹೊಡೆದಿದ್ದಾರೆ. ಬಂದ ಪರ್ಮಿಟ್ ಗಾಜಿಗೆ ಅಂಟಿಸುವ ಕಾಗದ. ವರ್ಷವಿಡೀ ಬೀದಿಯ ಅಧಿಕಾರಿಗಳು ಅದನ್ನು ನೋಡಿದ್ದಾರೆ, ಪ್ಲೇಟ್ ನೋಡಿದ್ದಾರೆ, ಎರಡೂ ಒಂದೇ ಎಂದು ಮುಂದೆ ಹೋಗಿದ್ದಾರೆ. ಮನುಷ್ಯರ ಕಣ್ಣು ಒಳ್ಳೆಯದು, ಅದು ಬೇಕಾದದ್ದನ್ನು ಓದುತ್ತದೆ.

2024ರ ಜನವರಿಯಲ್ಲಿ ಆ ಕೌನ್ಸಿಲು ಕಾಗದ ಬಿಟ್ಟು ಆನ್‌ಲೈನ್ ಪರ್ಮಿಟಿಗೆ ಹೋಯಿತು. ಇನ್ನು ಗಾಜಿಗೆ ಏನೂ ಅಂಟಿಸಬೇಕಾಗಿಲ್ಲ, ನಿಮ್ಮ ನಂಬರೇ ಪರ್ಮಿಟ್ ಎಂದು ಪತ್ರ ಬಂತು. ನವೀಕರಣಕ್ಕೆ ಅವಳು ಒತ್ತಿದ್ದು ಎರಡು ಬಟನ್, ಹಣ ಹೋಯಿತು. ನಂಬರ್ ಹಳೆಯ ದಾಖಲೆಯಿಂದಲೇ ಬಂದದ್ದು. ಈಗ ನೋಡುವವರು ಕಣ್ಣಲ್ಲಿ ನೋಡುವುದಿಲ್ಲ. ಕೈಯ ಮೆಷಿನ್ ಪಟ್ಟಿಯಲ್ಲಿ ಹುಡುಕುತ್ತದೆ. ಅದಕ್ಕೆ ‘ಓ’ ಬೇರೆ, ಸೊನ್ನೆ ಬೇರೆ.

"ಹಳೇ ಪರ್ಮಿಟ್ ಬಿಸಾಡಿದ್ದಿಯಾ?" ಎಂದು ಕೇಳಿದೆ. ಇಲ್ಲ, ಕಾರಿನ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಸಿಕ್ಕಿತು. ಒಂದು ಚಾಕಲೇಟ್ ಕಾಗದ ಅಂಟಿಕೊಂಡಿತ್ತು. ಹತ್ತಿರದಿಂದ ಫೋಟೋ ತೆಗೆಸಿದೆ. ದೊಡ್ಡದು ಮಾಡಿ ನೋಡಿದರೆ ಸ್ಪಷ್ಟ. ಕೊನೆಯ ಮೂರು ಅಕ್ಷರದಲ್ಲಿ ಇನ್ನೊಂದು ‘ಓ’ ಇತ್ತು, ದುಂಡಗೆ, ಹೊಟ್ಟೆ ತುಂಬಿದ ಹಾಗೆ. ಎರಡನೇ ಸ್ಥಾನದ್ದು ಸಪೂರ, ಉದ್ದ. ಸೊನ್ನೆ. ಒಂದೇ ಸಾಲಿನಲ್ಲಿ ಎರಡೂ ಸಿಕ್ಕಿದ್ದು ಅದೃಷ್ಟ. ಇಲ್ಲದಿದ್ದರೆ ಹೋಲಿಸಿ ತೋರಿಸಲು ಕಷ್ಟವಿತ್ತು.

ಆ ದಿನ ಮಾಡಿಸಿದ ಇನ್ನೊಂದು ಕೆಲಸದ ಬಗ್ಗೆ ನನಗೆ ಈಗಲೂ ಸಮಾಧಾನ ಉಂಟು. ನಂಬರ್ ತಿದ್ದಿಸಬೇಕು ಎಂದು ಅವಳು ತಕ್ಷಣ ಕೌನ್ಸಿಲಿಗೆ ಬರೆಯಲು ಹೊರಟಳು. ಸರಿಯೇ, ತಿದ್ದಿಸದಿದ್ದರೆ ನಾಳೆ ಇನ್ನೊಂದು ಚೀಟಿ ಬರಬಹುದು. ಮೂರು ವಾರದಿಂದ ಹೆದರಿ ಕಾರನ್ನು ಪರ್ಮಿಟ್ ಬೇಡದ ಬೀದಿಯಲ್ಲಿ, ಹತ್ತು ನಿಮಿಷ ನಡೆಯುವಷ್ಟು ದೂರ ಇಡುತ್ತಿದ್ದಳು. ಆದರೆ ತಿದ್ದಿದ ಮೇಲೆ ಹಳೆಯದು ಅವಳ ಖಾತೆಯಲ್ಲಿ ಕಾಣಿಸುವುದಿಲ್ಲ. ಹಾಗಾಗಿ ಮೊದಲು ಪುಟದ ಸ್ಕ್ರೀನ್‌ಶಾಟ್, ತಾರೀಕು ಗಂಟೆ ಕಾಣುವ ಹಾಗೆ. ಆಮೇಲೆ ತಿದ್ದುಪಡಿ. ಕೌನ್ಸಿಲಿನವರು ಮರುದಿನವೇ ತಿದ್ದಿದರು, ಒಂದು ಪ್ರಶ್ನೆಯನ್ನೂ ಕೇಳದೆ. ಹೊಸ ಹಣವನ್ನೂ ಕೇಳಲಿಲ್ಲ. ಆ ತಿದ್ದುಪಡಿಯ ಇಮೇಲೇ ನಮಗೆ ಒಂದು ಸಾಕ್ಷಿ ಆಯಿತು.

ಕಟ್ಟುವುದೋ, ಕಾಯುವುದೋ

35 ಪೌಂಡಿನ ಗಡುವು ಮಾರ್ಚ್ 22. ಮನೆಯಲ್ಲಿ ಎರಡು ಪಕ್ಷ ಆಯಿತು. ಭಾವನ ಪ್ರಕಾರ ಕಟ್ಟಿ ಬಿಸಾಡುವುದು ಒಳ್ಳೆಯದು, ಸುಮ್ನೆ ತಲೆನೋವು ಯಾಕೆ. ಅವರ ಮಾತು ದಡ್ಡತನದ್ದಲ್ಲ. ಕಟ್ಟಿದರೆ 35ಕ್ಕೆ ಮುಗಿಯುತ್ತದೆ. ಮುಂದಕ್ಕೆ ಹೋಗಿ ಸೋತರೆ 70. ಜೂಜು ಇರುವುದು ಆ ನಡುವಿನ 35ರಲ್ಲಿ. ಮೇಲ್ಮನವಿಗೆ ಶುಲ್ಕ ಇಲ್ಲ, ವಕೀಲರು ಬೇಡ. ದಾಖಲೆ ಇಲ್ಲದವಳಾಗಿದ್ದರೆ ನಾನೂ ಕಟ್ಟು ಎನ್ನುತ್ತಿದ್ದೆ. ಇಲ್ಲಿ ದಾಖಲೆ ಕೈಯಲ್ಲಿತ್ತು.

ಮತ್ತೆ, ಕಟ್ಟದಿದ್ದರೆ ಸುಮ್ಮನೆ ಕೂರುವ ಹಾಗಿಲ್ಲ. ಚೀಟಿ ಹಾಕಿ 28 ದಿನದಲ್ಲಿ ಹಣ ಬಾರದಿದ್ದರೆ ಲಾಗ್ ಬುಕ್ಕಿನಲ್ಲಿ ಹೆಸರಿರುವವರಿಗೆ ‘ನೋಟಿಸ್ ಟು ಓನರ್’ ಕಳಿಸುತ್ತಾರೆ. ನಿಜವಾದ ತಕರಾರು ಹಾಕುವುದು ಆಗ. ಅದಕ್ಕೆ 28 ದಿನ. ಅದನ್ನೂ ತಪ್ಪಿಸಿದರೆ ದಂಡ ಅರ್ಧದಷ್ಟು ಏರುತ್ತದೆ, 70 ಇದ್ದದ್ದು 105 ಆಗುತ್ತದೆ. ಆಮೇಲೆ ವಸೂಲಿಯ ದಾರಿ. ಮನೆ ಬದಲಿಸಿ ಲಾಗ್ ಬುಕ್ಕಿನ ವಿಳಾಸ ಬದಲಿಸದವರು ಸಿಕ್ಕಿಬೀಳುವುದು ಇಲ್ಲಿಯೇ. ನೋಟಿಸು ಹಳೆಯ ಮನೆಗೆ ಹೋಗಿರುತ್ತದೆ, ಇವರಿಗೆ ಗೊತ್ತೇ ಇರುವುದಿಲ್ಲ.

ನೋಟಿಸಿನ ತಾರೀಕು ಏಪ್ರಿಲ್ 5. ನಾವು ಉತ್ತರ ಹಾಕಿದ್ದು 14ಕ್ಕೆ, ವಿಷುವಿನ ದಿನ. ಬೆಳಗ್ಗೆ ಕಣಿ ನೋಡಿ, ಪಾಯಸ ಉಂಡು, ಅಕ್ಕನ ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಅವಳು ಅಲ್ಲಿಂದ, ನಾನು ಇಲ್ಲಿಂದ. ಒಂದೂವರೆ ಪುಟದ ಪತ್ರ ಏಳು ವಾಕ್ಯಕ್ಕೆ ಇಳಿಯಿತು. ಇಂಗ್ಲಿಷಿನಲ್ಲಿ ಹಾಕಿದ್ದನ್ನು ಕನ್ನಡದಲ್ಲಿ ಹೇಳಿದರೆ ಹೀಗೆ:

"ಆರೋಪದ ಉಲ್ಲಂಘನೆ ನಡೆದಿಲ್ಲ. ಫೆಬ್ರವರಿ 20ರಂದು ಈ ವಾಹನಕ್ಕೆ ನೀವು ಕೊಟ್ಟ ಪರ್ಮಿಟ್ ಚಾಲ್ತಿಯಲ್ಲಿತ್ತು. ನಿಮ್ಮ ದಾಖಲೆಯಲ್ಲಿ ನಂಬರಿನ ಎರಡನೇ ಅಕ್ಷರವಾದ ‘ಓ’ ಬದಲು ಸೊನ್ನೆ ನಮೂದಾಗಿದೆ. 2023ರ ಅರ್ಜಿಯ ಜೊತೆ ಕೊಟ್ಟ ಲಾಗ್ ಬುಕ್ಕಿನಲ್ಲಿ ಸರಿಯಾದ ನಂಬರ್ ಇದೆ. ನಿಮ್ಮ ದಾಖಲೆಯಲ್ಲಿರುವ ನಂಬರಿನ ಯಾವ ವಾಹನವೂ ಇಲ್ಲ. ಮಾರ್ಚ್ 11ರಂದು ನೀವೇ ಇದನ್ನು ತಿದ್ದಿದ್ದೀರಿ. ಆದ್ದರಿಂದ ದಂಡ ರದ್ದು ಮಾಡಬೇಕು."

ಐದನೇ ವಾಕ್ಯ ನನ್ನ ಮೆಚ್ಚಿನದ್ದು. ವಾಹನದ ವಿವರ ನೋಡುವ ಸರಕಾರಿ ಪುಟ ಅಲ್ಲಿ ಎಲ್ಲರಿಗೂ ತೆರೆದಿದೆ. ಸೊನ್ನೆ ಇರುವ ನಂಬರ್ ಹಾಕಿ ನೋಡಿದೆವು. ಅಂಥ ಗಾಡಿಯೇ ಇಲ್ಲ ಎಂದು ಬಂತು. ಇರಲು ಸಾಧ್ಯವೂ ಇಲ್ಲ, ಎರಡನೇ ಸ್ಥಾನದಲ್ಲಿ ಅಕ್ಷರವೇ ಬರಬೇಕು. ಹಾಗಾದರೆ ಕೌನ್ಸಿಲು ಹಣ ತೆಗೆದುಕೊಂಡು, ಈ ವಿಳಾಸಕ್ಕೆ, ಇವಳ ಹೆಸರಿಗೆ ಕೊಟ್ಟ ಪರ್ಮಿಟ್ ಯಾವ ಗಾಡಿಯದ್ದು? ನಮ್ಮೂರಿನ ಸರ್ಟಿಫಿಕೇಟಿನ ವಾದ ಇದೇ ಅಲ್ವಾ. ಆ ಇನ್ನೊಬ್ಬ ಐತ್ತಪ್ಪ ಯಾರೂ ಇಲ್ಲ. ಇಬ್ಬರೂ ಇವರೇ.

ರಾತ್ರಿ ಡ್ಯೂಟಿಯ ಕಷ್ಟ ಒಂದು ಸಾಲಾದರೂ ಇರಲಿ ಎಂದು ಅವಳಿಗೆ ಆಸೆ ಇತ್ತು. ಬೇಡ ಅಂದೆ. ಸ್ವಲ್ಪ ಮುನಿಸಿಕೊಂಡಳು. ಕಷ್ಟ ಹೇಳಿದರೆ ಓದುವವರಿಗೆ ಅವಳು ಕರುಣೆ ಕೇಳುತ್ತಿದ್ದಾಳೆ ಎಂದು ಅನಿಸುತ್ತದೆ. ಅವಳು ಕೇಳುತ್ತಿದ್ದದ್ದು ಲೆಕ್ಕ.

ತಿರಸ್ಕಾರ, ಮತ್ತೆ ಅದರ ಮುಂದೆ

ಕೌನ್ಸಿಲು ಇಂಥ ತಕರಾರಿಗೆ 56 ದಿನದೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ ನಮ್ಮ ಮಾತು ಒಪ್ಪಿದ ಹಾಗೆ. ಅದು ತಪ್ಪಲಿ ಎಂದು ನಾನು ಮನಸ್ಸಿನಲ್ಲೇ ಹರಕೆ ಹೊತ್ತಿದ್ದೆ. ತಪ್ಪಲಿಲ್ಲ. ಮೇ 17ಕ್ಕೆ ತಿರಸ್ಕಾರ ಬಂತು. ಪರ್ಮಿಟಿನ ವಿವರ ಸರಿ ಇದೆಯೇ ಎಂದು ನೋಡಿಕೊಳ್ಳುವುದು ಪಡೆದವರ ಜವಾಬ್ದಾರಿ, ಷರತ್ತಿನಲ್ಲಿ ಹಾಗೆ ಇದೆ, ಅಷ್ಟೇ.

ಅವರ ಮಾತು ಪೂರ್ತಿ ತಪ್ಪೂ ಅಲ್ಲ. ಇಮೇಲ್ ಬಂದಾಗ ನೋಡಬೇಕಿತ್ತು, ಸರಿ. ಆದರೆ ಹೇಗೆ ನೋಡುವುದು? ಪ್ಲೇಟಿನಲ್ಲಿ ಎರಡೂ ಒಂದೇ ಆಕಾರ. ಇಮೇಲಿನ ಅಕ್ಷರವೂ ಸಣ್ಣದು. ಮತ್ತೆ, ಲಾಗ್ ಬುಕ್ ತರಿಸಿಕೊಳ್ಳುವುದು ಯಾಕೆ? ತಾಳೆ ನೋಡಲು ತಾನೇ?

ಕೌನ್ಸಿಲಿನ ಮೇಲೆ ಲಂಡನ್ ಬಿಟ್ಟು ಉಳಿದ ಇಂಗ್ಲೆಂಡಿಗೆ, ವೇಲ್ಸಿಗೂ ಸೇರಿ, ಟ್ರಾಫಿಕ್ ಪೆನಾಲ್ಟಿ ಟ್ರಿಬ್ಯೂನಲ್ ಎಂಬ ನ್ಯಾಯಮಂಡಳಿ ಇದೆ. ಲಂಡನಿನವರಿಗೆ ಬೇರೆಯೇ ಉಂಟು. ತಿರಸ್ಕಾರ ಕೈಸೇರಿ 28 ದಿನದೊಳಗೆ ಹೋಗಬೇಕು. ಎಲ್ಲವೂ ಆನ್‌ಲೈನ್. ಮೇ 25ಕ್ಕೆ ಹಾಕಿದೆವು. ಅದೇ ಏಳು ವಾಕ್ಯ, ಮತ್ತೆ ಎರಡು ಸೇರಿಸಿ. ಫೋನಿನಲ್ಲೋ ವಿಡಿಯೋದಲ್ಲೋ ವಿಚಾರಣೆ ಬೇಕಾ ಎಂಬ ಪ್ರಶ್ನೆಗೆ ಬೇಡ, ಕಾಗದ ನೋಡಿಯೇ ತೀರ್ಮಾನ ಆಗಲಿ ಎಂದೆವು. ಅವಳ ಇಂಗ್ಲಿಷಿಗೆ ಏನೂ ಕೊರತೆ ಇಲ್ಲ. ಸಿಟ್ಟು ಬಂದರೆ ಮಾತ್ರ ಮೊದಲ ಪತ್ರದ ಧಾಟಿ ವಾಪಸ್ ಬರುತ್ತದೆ ಎಂದು ನನಗೆ ಹೆದರಿಕೆ.

ಜೂನ್ 11ಕ್ಕೆ ಕೌನ್ಸಿಲು ತನ್ನ ದಾಖಲೆಗಳನ್ನು ಹಾಕಿತು. ಇಲ್ಲಿ ಜೋರು ಮಳೆ. ಕರೆಂಟ್ ಹೋಗಿ ಬಂದು ಮಾಡುತ್ತಿತ್ತು, ಮೊಬೈಲಿನಲ್ಲೇ ಓದಿದೆ. ಅಧಿಕಾರಿ ತೆಗೆದ ಫೋಟೋಗಳು, ಬೀದಿಯ ಬೋರ್ಡಿನ ಫೋಟೋ, ಆ ಬೀದಿಯ ಪಾರ್ಕಿಂಗ್ ನಿಯಮ ಇರುವ ಕಾನೂನಿನ ಆದೇಶದ ಪ್ರತಿ, ಮತ್ತೆ ಪರ್ಮಿಟ್ ದಾಖಲೆಯ ಪ್ರಿಂಟ್. ಈ ಕೊನೆಯದ್ದರ ಕೆಳಗೆ ಸಣ್ಣ ಅಕ್ಷರದಲ್ಲಿ, ಜೊತೆಗಿರುವ ಕಡತ: ಲಾಗ್ ಬುಕ್, 2023ರ ಜನವರಿ, ಪರಿಶೀಲಿಸಲಾಗಿದೆ.

ಪರಿಶೀಲಿಸಲಾಗಿದೆ! ಅವರೇ ಹಾಕಿದ ಕಾಗದದಲ್ಲಿ. ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

ಆದೇಶದ ಭಾಷೆಯೂ ನಮ್ಮ ಪರವಾಗಿಯೇ ಇತ್ತು. ಆ ವಾಹನದ ಸಂಬಂಧವಾಗಿ ಕೌನ್ಸಿಲು ಕೊಟ್ಟ ಚಾಲ್ತಿ ಪರ್ಮಿಟ್ ಇರಬೇಕು ಎಂದಷ್ಟೇ ಅದರಲ್ಲಿತ್ತು. ನಂಬರ್ ಅಕ್ಷರಕ್ಕಕ್ಷರ ಹೊಂದಬೇಕು ಎಂಬ ಮಾತು ಇದ್ದದ್ದು ವೆಬ್‌ಸೈಟಿನ ಷರತ್ತಿನಲ್ಲಿ, ಆದೇಶದಲ್ಲಲ್ಲ. ಈ ಎರಡು ವಿಷಯವನ್ನು ಮೂರು ಸಾಲಿನಲ್ಲಿ ಬರೆದು, ಪುಟದ ಸಂಖ್ಯೆ ಹಾಕಿ ಕಳಿಸಿದೆವು.

ತೀರ್ಪು ಜೂನ್ 24ಕ್ಕೆ ಬಂತು, ಒಂದೇ ಪುಟ. ಪರ್ಮಿಟನ್ನು ಈ ವಾಹನಕ್ಕೆಂದೇ ಕೊಟ್ಟದ್ದು, ನಮೂದಿನ ತಪ್ಪು ಪರ್ಮಿಟನ್ನು ಇಲ್ಲವಾಗಿಸುವುದಿಲ್ಲ, ಕೌನ್ಸಿಲಿನ ಹತ್ತಿರ ಸರಿಯಾದ ನಂಬರ್ ಮೊದಲಿನಿಂದಲೂ ಇತ್ತು. ಉಲ್ಲಂಘನೆ ನಡೆದಿಲ್ಲ, ದಂಡ ರದ್ದು.

ನಾನು ಸುಲಭ ಎಂದು ತಿಳಿದದ್ದು ಅಷ್ಟು ಸುಲಭ ಆಗಿರಲಿಲ್ಲ ಎಂದು ಆಮೇಲೆ ಅನಿಸಿತು. 2024ರಲ್ಲಿ ಅವಳೇ ಆನ್‌ಲೈನಿನಲ್ಲಿ ಸೊನ್ನೆ ಟೈಪ್ ಮಾಡಿದ್ದರೆ ಏನಾಗುತ್ತಿತ್ತು? ಆಗ ಉಲ್ಲಂಘನೆ ನಡೆದದ್ದೇ ಹೌದು ಎಂದು ಹೇಳುವ ಸಾಧ್ಯತೆ ಜಾಸ್ತಿ. ತೀರ್ಪು ಕೊಡುವವರು ಪರಿಸ್ಥಿತಿ ನೋಡಿ ರದ್ದು ಮಾಡಿ ಎಂದು ಕೌನ್ಸಿಲಿಗೆ ಶಿಫಾರಸು ಮಾತ್ರ ಮಾಡಬಹುದು, ಆದೇಶ ಮಾಡಲಾಗದು. ಕೌನ್ಸಿಲು 35 ದಿನದೊಳಗೆ ಅದಕ್ಕೆ ಉತ್ತರ ಕೊಡಬೇಕು, ಒಪ್ಪಲೇಬೇಕು ಎಂದೇನಿಲ್ಲ. ಇವಳನ್ನು ಉಳಿಸಿದ್ದು ಚಾಕಲೇಟ್ ಅಂಟಿದ ಆ ಹಳೆಯ ಕಾಗದ ಮತ್ತು ಕೌಂಟರಿನಲ್ಲಿ ಕೊಟ್ಟ ಪ್ರತಿ. ಇನ್ನೊಬ್ಬರ ಕೇಸಿಗೆ ಈ ತೀರ್ಪನ್ನು ಹಿಡಿದುಕೊಂಡು ಹೋದರೆ ನಡೆಯುವುದಿಲ್ಲ. ಟ್ರಿಬ್ಯೂನಲಿನ ಒಂದು ತೀರ್ಪು ಮುಂದಿನದ್ದನ್ನು ಕಟ್ಟಿಹಾಕುವುದಿಲ್ಲ.

ಭಾವನಿಗೆ ಸುದ್ದಿ ಹೇಳಿದೆ. "ನಾಲ್ಕು ತಿಂಗಳು ಕೂತು 35 ಪೌಂಡ್ ಉಳಿಸಿದ್ದಾ? ಅಷ್ಟು ಹೊತ್ತಿಗೆ ನಿನ್ನ ಕೌಂಟರಿನಲ್ಲಿ ಎಷ್ಟು ಸಂಪಾದನೆ ಆಗ್ತಿತ್ತು ಮಾರಾಯ?" ಎಂದರು. ಲೆಕ್ಕ ಹಾಕಿದರೆ ಅವರೇ ಸರಿ.

ಜುಲೈ ಕೊನೆಗೆ ಅವಳು ಬೇರೆ ಮನೆಗೆ ಹೋದಳು. ಅಲ್ಲಿ ಎದುರಿಗೇ ಗಾಡಿ ನಿಲ್ಲಿಸಲು ಸ್ವಂತ ಜಾಗ ಉಂಟು, ಪರ್ಮಿಟ್ ಬೇಡ. ಉಳಿದ ತಿಂಗಳುಗಳ ಹಣ ವಾಪಸ್ ಕೇಳಲು ಒಂದು ಫಾರ್ಮ್ ಇತ್ತು. ಒಂದು ರಾತ್ರಿ ಹತ್ತೂವರೆಗೆ, ನಾನು ಮಲಗುವ ಹೊತ್ತಿಗೆ, ಫೋನ್ ಬಂತು.

"ಮಾವ, ಫಾರ್ಮಿನಲ್ಲಿ ಗಾಡಿ ನಂಬರ್ ಕೇಳ್ತಾರೆ. ಎರಡನೇದಕ್ಕೆ ಒತ್ತಬೇಕಾದ್ದು ಯಾವ ಬಟನ್? ಒಮ್ಮೆ ನೋಡಿ ಹೇಳಿ."